‘ಸಾರ್’ ಅನ್ನೋದು ಬೈಗುಳ ಹೇಗಾಯಿತು?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಮಗ ಅಮೆರಿಕದ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎಚ್-1ಬಿ ವೀಸಾ ಸುದ್ದಿ ಎಲ್ಲಿ ಬಂದರೂ ಹುಡುಕಿ ಓದುತ್ತೇನೆ. ಅದರ ಕೆಳಗಿನ ಚರ್ಚೆಗಳಲ್ಲಿ ‘ಸಾರ್’, ‘ಜೀತ್’ ಎಂದೆಲ್ಲ ಬರೆದಿರುತ್ತಾರೆ. ಕೆಲವರ ಹೆಸರಿನ ಎರಡೂ ಪಕ್ಕ ಮೂರು ಮೂರು ಆವರಣ ಚಿಹ್ನೆ, ಕೆಲವು ಖಾತೆಗಳ ಕೊನೆಗೆ 88. ಮಗನನ್ನು ಕೇಳಿದರೆ ‘ನಿಂಗೆ ಅರ್ಥ ಆಗಲ್ಲ ಬಿಡಮ್ಮ’ ಅಂತಾನೆ. ಇದು ತಮಾಷೆಯೋ, ಬೈಗುಳವೋ? — ಮೈಸೂರಿನ ಓದುಗರು

ಉತ್ತರ: ಬೈಗುಳವೇ, ಅಮ್ಮ. ಆದರೆ ‘ನಾನೆಲ್ಲಿ ಬೈದೆ?’ ಎಂದು ಜಾರಿಕೊಳ್ಳಲು ದಾರಿ ಇಟ್ಟುಕೊಂಡೇ ಬೈದಿರುತ್ತಾರೆ. ತಮ್ಮವರಿಗೆ ತಿಳಿಯಬೇಕು, ಬೇರೆಯವರು ಸಾಬೀತು ಮಾಡುವಂತಿರಬಾರದು. ಇಂಥ ಮಾತು ಹುಟ್ಟುವುದೇ ಅದಕ್ಕಾಗಿ.

ನೀವು ಕಂಡದ್ದನ್ನು ಒಂದೊಂದಾಗಿ ಬಿಡಿಸುತ್ತೇನೆ. ‘ಜೀತ್’ ಎನ್ನುವುದು ‘ಪಜೀತ್’ನ ಮೊಟಕು ರೂಪ. ಉತ್ತರ ಭಾರತದ ಹೆಸರುಗಳನ್ನು ಅಣಕಿಸಲು ‘4ಚಾನ್’ ಎಂಬ ಅನಾಮಧೇಯ ತಾಣದವರು ಕಟ್ಟಿದ ಹೆಸರು ಅದು. (ನಮ್ಮ ‘ಪಜೀತಿ’ಗೂ ಇದಕ್ಕೂ ನಂಟಿಲ್ಲ.) ‘ಸಾರ್’ ಭಾರತೀಯರ ಇಂಗ್ಲಿಷ್ ಉಚ್ಚಾರಣೆಯ ಅಣಕ. ನಾವು ದಿನಕ್ಕೆ ನೂರು ಸಲ ಗೌರವದಿಂದ ಆಡುವ ಮಾತನ್ನು ಅಲ್ಲಿ ‘ಗುಲಾಮ ಬುದ್ಧಿಯವರು’ ಎಂಬರ್ಥದಲ್ಲಿ ಎಸೆಯುತ್ತಾರೆ. ಇಂಗ್ಲಿಷ್ ಅಕ್ಷರಮಾಲೆಯಲ್ಲಿ ಎಂಟನೆಯದು ‘ಎಚ್’. ಹಾಗಾಗಿ 88 ಎಂದರೆ ‘ಎಚ್ ಎಚ್’, ಅಂದರೆ ನಾಜಿಗಳ ಜೈಕಾರ ‘ಹೈಲ್ ಹಿಟ್ಲರ್’. ಅದರ ಜೊತೆಗೆ 14 ಇದ್ದರೆ ಅನುಮಾನವೇ ಬೇಡ. ಬಿಳಿಯರ ಸಂತತಿ ಉಳಿಯಬೇಕೆನ್ನುವ, ಡೇವಿಡ್ ಲೇನ್ ಎಂಬ ಜನಾಂಗವಾದಿಯ ಹದಿನಾಲ್ಕು ಪದಗಳ ಘೋಷಣೆ ಅದು. ಮೂರು ಆವರಣ ಚಿಹ್ನೆ ‘ಈತ ಯಹೂದಿ, ನೋಡಿಕೊಳ್ಳಿ’ ಎಂದು ಬೆರಳು ತೋರಿಸುವ ಗುರುತು. ಯಹೂದಿ ಹೆಸರುಗಳಿಗೆ ಈ ಚಿಹ್ನೆಯನ್ನು ತಾನಾಗಿ ತೊಡಿಸುವ ಬ್ರೌಸರ್ ಎಕ್ಸ್‌ಟೆನ್ಷನ್ ಕೂಡ ಇತ್ತು. 2016ರ ಜೂನ್‌ನಲ್ಲಿ ಗೂಗಲ್ ಅದನ್ನು ಕಿತ್ತುಹಾಕಿತು.

ಹಾಗೆಂದು ಪಟ್ಟಿ ಹಿಡಿದು ಕೂತರೆ ಎಡವುತ್ತೀರಿ. 1988ರಲ್ಲಿ ಹುಟ್ಟಿದವನೂ ಹೆಸರಿನ ಮುಂದೆ 88 ಹಾಕುತ್ತಾನೆ, ಚೀನೀಯರಿಗೆ ಅದು ಅದೃಷ್ಟದ ಸಂಖ್ಯೆ. ಮೂರು ಆವರಣವನ್ನು ಆಮೇಲೆ ಯಹೂದಿಗಳೇ ಪ್ರತಿಭಟನೆಗೆಂದು ತಮ್ಮ ಹೆಸರಿಗೆ ಹಾಕಿಕೊಂಡರು. ಪಟ್ಟಿ ಬೇಗ ಹಳತಾಗುತ್ತದೆ ಕೂಡ. 2016ರಲ್ಲೇ ಗೂಗಲ್‌ನ ಅಂಗಸಂಸ್ಥೆ ಆನ್‌ಲೈನ್ ಬೈಗುಳ ಹಿಡಿಯುವ ತಂತ್ರಾಂಶ ತರುತ್ತೇವೆ ಎಂದಾಗ 4ಚಾನ್‌ನ ಕಿಡಿಗೇಡಿಗಳು ಕಪ್ಪು ಜನರಿಗೆ ‘ಗೂಗಲ್’, ಯಹೂದಿಗಳಿಗೆ ‘ಸ್ಕೈಪ್’, ಮೆಕ್ಸಿಕೊದವರಿಗೆ ‘ಯಾಹೂ’ ಎಂದು ಹೆಸರಿಟ್ಟರು. ‘ಗೂಗಲ್’ ಪದವನ್ನೇ ಗೂಗಲ್ ಹೇಗೆ ನಿಷೇಧಿಸೀತು?

ಈ ಚಾಳಿ ಅಂತರ್ಜಾಲದ್ದಲ್ಲ, ಅದಕ್ಕಿಂತ ಹಳೆಯದು. ಅಮೆರಿಕದ ರಿಪಬ್ಲಿಕನ್ ಚುನಾವಣಾ ತಂತ್ರಗಾರ ಲೀ ಆಟ್‌ವಾಟರ್ 1981ರ ಸಂದರ್ಶನದಲ್ಲಿ ಇದರ ಗುಟ್ಟನ್ನು ತಾನೇ ಬಿಚ್ಚಿಟ್ಟಿದ್ದ: 1954ರಲ್ಲಿ ಕಪ್ಪು ಜನರನ್ನು ನೇರವಾಗಿ ಹೀನ ಪದದಿಂದಲೇ ಕರೆದು ವೋಟು ಕೇಳಬಹುದಿತ್ತು, 1968ರ ಹೊತ್ತಿಗೆ ಅದು ತಿರುಗುಬಾಣವಾಯಿತು, ‘ರಾಜ್ಯಗಳ ಹಕ್ಕು’ (ವರ್ಣಭೇದ ನಿಲ್ಲಿಸಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಬಾರದು ಎಂಬ ವಾದ) ಎನ್ನತೊಡಗಿದರು, ಆಮೇಲೆ ಮಾತು ಇನ್ನೂ ನಯವಾಗಿ ತೆರಿಗೆ ಕಡಿತಕ್ಕೆ ಬಂತು. ಏಟು ಮಾತ್ರ ಹೆಚ್ಚಾಗಿ ಕಪ್ಪು ಜನರಿಗೇ ಬೀಳುತ್ತಿತ್ತು.

ಆದ್ದರಿಂದ ಪದಕ್ಕಿಂತ ಹೆಚ್ಚಾಗಿ ವಾದ ಯಾವ ಕಡೆ ಹೊರಳುತ್ತದೆ ಎಂದು ನೋಡಿ. ‘ಎಚ್-1ಬಿಯಿಂದ ಕಂಪನಿಗಳು ಕಡಿಮೆ ಸಂಬಳಕ್ಕೆ ಜನ ತರುತ್ತವೆ, ನಮ್ಮ ಕೆಲಸ ಹೋಗುತ್ತದೆ’ ಎನ್ನುವ ಅಮೆರಿಕನ್ ಜನಾಂಗದ್ವೇಷಿಯಲ್ಲ. ಆ ವೀಸಾದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಭಾರತೀಯರೇ ಇರುವುದರಿಂದ ಸಿಟ್ಟು ನಮ್ಮತ್ತ ತಿರುಗುವುದು ಸಹಜ. ಆ ಮಾತಿಗೆ ಉತ್ತರ ಕೊಡಬೇಕು, ಹಣೆಪಟ್ಟಿ ಹಚ್ಚಬಾರದು. ಆದರೆ 2024ರ ಡಿಸೆಂಬರ್‌ನಲ್ಲಿ ಏನಾಯಿತು ನೋಡಿ. ಚೆನ್ನೈ ಮೂಲದ ಶ್ರೀರಾಮ್ ಕೃಷ್ಣನ್ ಅವರನ್ನು ಟ್ರಂಪ್ ಕೃತಕ ಬುದ್ಧಿಮತ್ತೆಯ ಸಲಹೆಗಾರರನ್ನಾಗಿ ಹೆಸರಿಸಿದರು. ಗ್ರೀನ್ ಕಾರ್ಡ್‌ನ (ಅಮೆರಿಕದಲ್ಲಿ ಕಾಯಂ ನೆಲೆಸುವ ಪರವಾನಗಿ) ದೇಶವಾರು ಮಿತಿ ತೆಗೆಯಬೇಕೆಂದು ಅವರು ಹಿಂದೆ ಬರೆದಿದ್ದರ ಮೇಲೆ ಶುರುವಾದ ಜಗಳ ನೋಡನೋಡುತ್ತಿದ್ದಂತೆ ಭಾರತೀಯರ ಮೈವಾಸನೆ, ಕೊಳಕುತನಕ್ಕೆ ಇಳಿಯಿತು. ವೀಸಾ ನೀತಿ ಬದಲಾಯಿಸಬಹುದು, ಹುಟ್ಟು ಬದಲಾಯಿಸಲಾಗದು. ಮಾತು ಹುಟ್ಟಿನ ಮೇಲೆ ಹೋಯಿತೆಂದರೆ ಅಲ್ಲಿಗೆ ವಾದ ಮುಗಿದಿದೆ.

ಅರಿಯದವರಂತೆ ಒಂದು ಪ್ರಶ್ನೆ ಕೇಳುವುದೂ ಒಳ್ಳೆಯದು: ‘ಜೀತ್ ಅಂದರೆ ಯಾರು? ಬಿಡಿಸಿ ಹೇಳಿ.’ ತಿಳಿಯದೆ ಆಡಿದವನು ಹೇಳಿಬಿಡುತ್ತಾನೆ. ಬೇಕೆಂದೇ ಆಡಿದವನು ನಗುವ ಚಿತ್ರ ಹಾಕಿ ‘ಗೊತ್ತಿರೋರಿಗೆ ಗೊತ್ತು’ ಎನ್ನುತ್ತಾನೆ. ಅಲ್ಲಿಗೆ ಬ್ಲಾಕ್ ಮಾಡಿ. ದೂರು ಕೊಡುವುದಿದ್ದರೆ ಅದೇ ಖಾತೆಯ ನಾಲ್ಕಾರು ಬರಹಗಳನ್ನು ಒಟ್ಟಿಗೆ ತೋರಿಸಿ. ಒಂಟಿ ‘ಸಾರ್’ ನೋಡಿದ ಪರಿಶೀಲಕರಿಗೆ ತಪ್ಪೇನೂ ಕಾಣುವುದಿಲ್ಲ.

ಪ್ರಶ್ನೆ: ನಮ್ಮ ಬಂಧುಬಳಗದ ವಾಟ್ಸ್ಆ್ಯಪ್ ಗ್ರೂಪಿಗೆ ಅಮೆರಿಕದಲ್ಲಿರುವ ಭಾವಮೈದುನ ‘13/52’ ಎಂದು ಹಾಕಿ ನಕ್ಕಿದ್ದಾನೆ. ಕಪ್ಪು ಜನರ ಬಗ್ಗೆ ಸರ್ಕಾರಿ ಲೆಕ್ಕವಂತೆ. ಲೆಕ್ಕ ಹೇಳಿದರೆ ತಪ್ಪೇನು? — ದಾವಣಗೆರೆಯ ಓದುಗರು

ಉತ್ತರ: ಜನಸಂಖ್ಯೆಯಲ್ಲಿ ನೂರಕ್ಕೆ 13ರಷ್ಟಿರುವವರು 52ರಷ್ಟು ಅಪರಾಧ ಮಾಡುತ್ತಾರೆ ಎಂಬುದು ಅದರ ಅರ್ಥ. ಅಂಕಿ ಪೂರ್ತಿ ಕಟ್ಟುಕತೆಯಲ್ಲ, ಅದೇ ಅದರ ಅಪಾಯ. ಅದು ಎಲ್ಲ ಅಪರಾಧಗಳ ಲೆಕ್ಕವಲ್ಲ, ಕೊಲೆ ಪ್ರಕರಣಗಳಲ್ಲಿ ಗುರುತು ಸಿಕ್ಕ ಆರೋಪಿಗಳದ್ದು. ಒಟ್ಟು ಬಂಧನಗಳಲ್ಲಿ ಕಪ್ಪು ಜನರ ಪಾಲು ಸುಮಾರು ಕಾಲು ಭಾಗ. ಅಲ್ಲಿನ ಕಪ್ಪು ಜನರ ಸಂಖ್ಯೆ ನಾಲ್ಕು ಕೋಟಿ ದಾಟುತ್ತದೆ; ಅವರಲ್ಲಿ ವರ್ಷಕ್ಕೆ ಕೊಲೆ ಆರೋಪದಲ್ಲಿ ಬಂಧನವಾಗುವವರು ಕೆಲವು ಸಾವಿರ. ಕಪ್ಪು ಜನರ ಬಡಾವಣೆಗಳಿಗೆ ಮನೆಸಾಲ ನಿರಾಕರಿಸಿ ಬಡತನವನ್ನು ಅಲ್ಲೇ ಕಟ್ಟಿಹಾಕಿದ ಹಳೆಯ ಪದ್ಧತಿ ಈ ಅಂಕಿಯಲ್ಲಿ ಕಾಣುವುದೇ ಇಲ್ಲ. ಇಂಥ ಲೆಕ್ಕಗಳನ್ನೇ ಓದಿ ತಲೆಕೆಡಿಸಿಕೊಂಡ ಬಿಳಿಯ ಯುವಕನೊಬ್ಬ 2015ರಲ್ಲಿ ಅಮೆರಿಕದ ಚಾರ್ಲ್‌ಸ್ಟನ್‌ನ ಚರ್ಚಿಗೆ ನುಗ್ಗಿ ಪ್ರಾರ್ಥನೆಯಲ್ಲಿದ್ದ ಒಂಬತ್ತು ಕಪ್ಪು ಜನರನ್ನು ಕೊಂದ.

ನಿಮ್ಮ ಭಾವಮೈದುನನಿಗೆ ಇನ್ನೊಂದು ಲೆಕ್ಕ ಹೇಳಿ. 1946ರ ಕಾನೂನಿನಂತೆ ಅಮೆರಿಕಕ್ಕೆ ವಲಸೆ ಹೋಗಲು ಭಾರತೀಯರಿಗಿದ್ದ ಕೋಟಾ ವರ್ಷಕ್ಕೆ ನೂರು. ಅದನ್ನು ತೆಗೆದುಹಾಕಿದ 1965ರ ಕಾನೂನಿಗೆ ನೆಲ ಹದಮಾಡಿದ್ದು ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟ. ಗ್ರೂಪಿನಲ್ಲಿ ಎಲ್ಲರೆದುರು ಬೇಡ, ಹಟಕ್ಕೆ ಬೀಳುತ್ತಾನೆ. ಫೋನ್ ಮಾಡಿ. ‘13/52’ ಹಂಚಿದ ಖಾತೆ ಯಾವುದು, ಅದು ಭಾರತೀಯರ ಬಗ್ಗೆ ಏನು ಬರೆಯುತ್ತದೆ ಎಂದು ಅವನ ಕೈಯಲ್ಲೇ ಹುಡುಕಿಸಿ.