ಅಕ್ಕಿ ಬದಲು ಹೂಕೋಸು ಹಾಕಿದರೆ ಕ್ಯಾಬೇಜ್ ರೋಲ್ ಯಾಕೆ ನೀರಾಗುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಯಜಮಾನರಿಗೆ ಶುಗರ್ ಇದೆ, ಅನ್ನ ಕಡಿಮೆ ಮಾಡಿ ಎಂದು ಡಾಕ್ಟರ್ ಹೇಳಿದ್ದಾರೆ. ಅದಕ್ಕೆ ಕ್ಯಾಬೇಜ್ ಎಲೆಯಲ್ಲಿ ಕೈಮಾ ಸುತ್ತಿ ಬೇಯಿಸುವ ರೋಲ್ ಮಾಡಿದಿರಿ. ಒಳಗೆ ಅಕ್ಕಿ ಬದಲು ಹೂಕೋಸಿನ ತುರಿ ಹಾಕಿದಿರಿ. ಎಲೆ ಹರಿಯಿತು, ಹೂರಣ ನೀರಾಯಿತು, ತಟ್ಟೆಗೆ ಹಾಕಿದ ಕೂಡಲೇ ಬಿಚ್ಚಿಕೊಂಡಿತು. ತಪ್ಪಿದ್ದು ಎಲ್ಲಿ ಎಂದು ಕೇಳಿದ್ದೀರಿ.

ನಾನು ಆರು ವರ್ಷದಿಂದ ಪೋಲೆಂಡಿನ ವ್ರೋಟ್ಸ್ವಾಫ್ ಊರಿನಲ್ಲಿದ್ದೇನೆ. ಇಲ್ಲಿ ಇದು ಮನೆಮನೆಯ ಅಡುಗೆ. ಹೆಸರು ಗೊವೊಂಪ್ಕಿ, ಅಂದರೆ ಪುಟ್ಟ ಪಾರಿವಾಳಗಳು. ನನಗೆ ಕಲಿಸಿದ್ದು ನಮ್ಮ ಕೆಳಗಿನ ಮನೆಯ ಅಜ್ಜಿ. ಅರ್ಧ ಕೆಜಿ ಕೈಮಾಕ್ಕೆ 100 ಗ್ರಾಂ ಅಕ್ಕಿ ಅವರ ಅಳತೆ. ಅಕ್ಕಿಯನ್ನು ಅವರು ಅರ್ಧ ಮಾತ್ರ ಬೇಯಿಸುತ್ತಾರೆ. ಯಾಕೆ ಎಂದು ಕೇಳಿದ್ದಕ್ಕೆ, ಉಳಿದ ನೀರನ್ನು ಅದು ಮಾಂಸದಿಂದ ಕುಡಿಯುತ್ತದೆ ಎಂದರು. ನಿಮ್ಮ ಪ್ರಶ್ನೆಗೆ ಉತ್ತರ ಆ ಒಂದು ಮಾತಿನಲ್ಲಿದೆ.

ಈ ರೋಲ್‌ನಲ್ಲಿ ಅಕ್ಕಿ ಇರುವುದು ಹೊಟ್ಟೆ ತುಂಬಿಸಲು ಮಾತ್ರ ಅಲ್ಲ. ಮಾಂಸ ಬೇಯುವಾಗ ಬಿಡುವ ರಸವನ್ನು ಅದು ಹೀರಿಕೊಳ್ಳುತ್ತದೆ. ಕೈಮಾ ಕಲ್ಲಿನಂತೆ ಗಟ್ಟಿಯಾಗದ ಹಾಗೆ ನಡುವೆ ಜಾಗ ಮಾಡಿಕೊಡುತ್ತದೆ. ಹೂಕೋಸಿನ ತುರಿ ನೋಡಲು ಅಕ್ಕಿಯಂತೆ ಇದೆ ನಿಜ. ಆದರೆ ಅದರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ. ಅಕ್ಕಿ ನೀರು ಕುಡಿಯುತ್ತದೆ, ಹೂಕೋಸು ನೀರು ಬಿಡುತ್ತದೆ. ಅಕ್ಕಿ ತೆಗೆದ ಮೇಲೆ ಅದು ಮಾಡುತ್ತಿದ್ದ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡಿಸಬೇಕು. ನಮ್ಮ ಪತ್ರೊಡೆಯಲ್ಲಿ ಇದು ಆಗುವುದಿಲ್ಲ, ಅಲ್ಲಿ ಅಕ್ಕಿ ಹಿಟ್ಟೇ ಹೂರಣ. ಗೊವೊಂಪ್ಕಿಯಲ್ಲಿ ಅಕ್ಕಿ ಬರೀ ಜೊತೆಗಾರ. ಹಾಗಾಗಿ ಧೈರ್ಯವಾಗಿ ತೆಗೆಯಬಹುದು.

ಅರ್ಧ ಕೆಜಿ ಕೈಮಾಕ್ಕೆ ಸುಮಾರು 200 ಗ್ರಾಂ ಹೂಕೋಸು ತುರಿಯಿರಿ. ಅರ್ಧ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಡಿ. ತೆಳು ಬಟ್ಟೆಗೆ ಹಾಕಿ, ಕೈ ನೋಯುವಷ್ಟು ಗಟ್ಟಿಯಾಗಿ ಹಿಂಡಿ. ಇಲ್ಲಿಗೇ ನಿಲ್ಲಿಸಬೇಡಿ. ಅಗಲ ಬಾಣಲೆಯಲ್ಲಿ ಸ್ವಲ್ಪ ಬೆಣ್ಣೆ ಹಾಕಿ, ಮುಚ್ಚಳ ಮುಚ್ಚದೆ ಏಳೆಂಟು ನಿಮಿಷ ಹುರಿಯಿರಿ. ತುರಿ ಉದುರುದುರಾಗಿ, ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಬೇಕು. ಅದೇ ಬಾಣಲೆಯಲ್ಲಿ ಒಂದು ಈರುಳ್ಳಿ ಮತ್ತು ಒಂದು ಹಿಡಿ ಅಣಬೆಯನ್ನು ಸಣ್ಣಗೆ ಹೆಚ್ಚಿ ಹುರಿಯಿರಿ. ಅಣಬೆ ಮೊದಲು ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ, ಚುರ್ ಎನ್ನುವ ಸದ್ದು ಮತ್ತೆ ಬರುವವರೆಗೆ ಕಾಯಬೇಕು. ಆಮೇಲೆ ಎಲ್ಲವನ್ನೂ ತಟ್ಟೆಯಲ್ಲಿ ಹರಡಿ ಆರಿಸಿ. ಬಿಸಿ ಇರುವಾಗಲೇ ಕೈಮಾಕ್ಕೆ ಸೇರಿಸಿದರೆ ಮಾಂಸದ ಕೊಬ್ಬು ಕರಗಿ ಹೂರಣ ಹಿಡಿತ ಕಳೆದುಕೊಳ್ಳುತ್ತದೆ.

ಕೈಮಾ ಬಗ್ಗೆ ಒಂದು ಮಾತು. ಇಲ್ಲಿ ಹಂದಿ ಮತ್ತು ದನದ ಮಾಂಸ ಬೆರೆಸುತ್ತಾರೆ. ನೀವು ಮೈಸೂರಿನಲ್ಲಿದ್ದೀರಿ, ಮಟನ್ ಕೈಮಾ ಚೆನ್ನಾಗಿ ಹೊಂದುತ್ತದೆ. ಕೊಬ್ಬು ಪೂರ್ತಿ ತೆಗೆಸಬೇಡಿ. ಅಕ್ಕಿ ಇಲ್ಲದಾಗ ಮೆತ್ತಗಿಡುವುದು ಆ ಕೊಬ್ಬೇ. ಚಿಕನ್ ಕೈಮಾ ಆದರೆ ಒಂದೆರಡು ಚಮಚ ಬೆಣ್ಣೆ ಸೇರಿಸಿ. ಕೈಮಾಕ್ಕೆ ಉಪ್ಪು, ಕಾಳುಮೆಣಸಿನ ಪುಡಿ, ಒಂದು ಮೊಟ್ಟೆ ಹಾಕಿ, ಕೈಗೆ ಅಂಟುವವರೆಗೆ ಎರಡು ಮೂರು ನಿಮಿಷ ಕಲಸಿ. ಉಪ್ಪು ಸೇರಿ ಚೆನ್ನಾಗಿ ಕಲಸಿದ ಮಾಂಸ ತಾನೇ ಅಂಟಿಕೊಳ್ಳುತ್ತದೆ, ಬ್ರೆಡ್ ಪುಡಿ ಬೇಕಾಗುವುದಿಲ್ಲ. ಆರಿದ ಹೂಕೋಸು, ಅಣಬೆ ಕೊನೆಗೆ ಸೇರಿಸಿ. ಸಣ್ಣದೊಂದು ವಡೆ ತಟ್ಟಿ ಹುರಿದು ರುಚಿ ನೋಡಿ. ಹೂಕೋಸಿಗೆ ಆಗಲೇ ಉಪ್ಪು ಹಾಕಿರುವುದರಿಂದ ಇದು ಮುಖ್ಯ.

ಇನ್ನು ಎಲೆ. ಇಲ್ಲಿ ಶರತ್ಕಾಲದಲ್ಲಿ ದೊಡ್ಡ, ಸಡಿಲ ಕ್ಯಾಬೇಜ್ ಸಿಗುತ್ತದೆ. ನಮ್ಮ ಕಡೆಯದು ಚಿಕ್ಕದು, ಬಿಗಿ, ಹಸಿಯಾಗಿ ಬಿಡಿಸಲು ಹೋದರೆ ಹರಿಯದೆ ಇರದು. ಸುಲಭ ದಾರಿ ಎಂದರೆ ಇಡೀ ಕ್ಯಾಬೇಜನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ. ಮಾರನೆಯ ದಿನ ಹೊರಗಿಟ್ಟು ಪೂರ್ತಿ ಕರಗಲು ಬಿಡಿ. ಇದಕ್ಕೆ ಅರ್ಧ ದಿನಕ್ಕಿಂತ ಜಾಸ್ತಿ ಬೇಕು. ಎಲೆ ಬಟ್ಟೆಯಂತೆ ಬಾಗುತ್ತದೆ, ಕುದಿಸುವ ಕೆಲಸವೇ ಇಲ್ಲ. ಅಜ್ಜಿ ಮಾತ್ರ ದಿಂಡು ಕೆತ್ತಿ ತೆಗೆದು, ಇಡೀ ಗೆಡ್ಡೆಯನ್ನು ಕುದಿಯುವ ನೀರಿಗೆ ಇಳಿಸಿ, ಮೆತ್ತಗಾದ ಎಲೆಗಳನ್ನು ಒಂದೊಂದಾಗಿ ಬಿಡಿಸುತ್ತಾರೆ. ಹೇಗೆ ಮಾಡಿದರೂ ಎಲೆಯ ಬೆನ್ನಿನ ದಪ್ಪ ನರವನ್ನು ಚಾಕುವಿನಿಂದ ಸವರಿ ತೆಳುವಾಗಿಸಿ. ನಿಮ್ಮ ಎಲೆ ಸುತ್ತುವಾಗ ಹರಿದದ್ದು ಬಹುಶಃ ಅಲ್ಲೇ. ಆಮೇಲೆ ಎಲೆಯ ನೀರನ್ನು ಒರೆಸಿ. ಹೂರಣ ಇಟ್ಟು, ಎರಡೂ ಬದಿ ಒಳಗೆ ಮಡಿಸಿ, ಬಿಗಿಯಾಗಿ ಸುತ್ತಿ.

ದಪ್ಪ ತಳದ ಪಾತ್ರೆಯಲ್ಲಿ ಹರಿದ ಎಲೆಗಳನ್ನು ಹಾಸಿ, ತಳ ಹತ್ತುವುದಿಲ್ಲ. ರೋಲ್‌ಗಳನ್ನು ಮಡಿಕೆ ಕೆಳಗೆ ಬರುವಂತೆ ಒತ್ತೊತ್ತಾಗಿ ಜೋಡಿಸಿ. ನಾಲ್ಕು ಟೊಮೆಟೊ ರುಬ್ಬಿ, ಬಾಣಲೆಯಲ್ಲಿ ಮೊದಲೇ ಗಟ್ಟಿಯಾಗಿಸಿ ಮೇಲೆ ಸುರಿಯಿರಿ. ಸ್ವಲ್ಪ ನೀರು ಸಾಕು, ಮುಳುಗಿಸಬೇಡಿ. ಮೇಲೆ ಒಂದು ತಟ್ಟೆ ಕವುಚಿ, ಸಣ್ಣ ಉರಿಯಲ್ಲಿ ಒಂದು ಗಂಟೆಗೂ ಸ್ವಲ್ಪ ಜಾಸ್ತಿ ಬೇಯಿಸಿ. ಕುಕ್ಕರ್ ಬೇಡ, ಎಲೆ ಕರಗಿಹೋಗುತ್ತದೆ. ಒಲೆ ಆರಿಸಿ ಕಾಲು ಗಂಟೆ ಮುಟ್ಟಬೇಡಿ. ಆರುತ್ತಾ ಹೂರಣ ಗಟ್ಟಿಯಾಗುತ್ತದೆ. ಇಲ್ಲಿನವರು ಸಾಸ್‌ಗೆ ಹುಳಿ ಕೆನೆ ಸೇರಿಸಿ, ಮೇಲೆ ಸಬ್ಬಸಿಗೆ ಸೊಪ್ಪು ಉದುರಿಸುತ್ತಾರೆ. ಕೆನೆ ಸಿಗದಿದ್ದರೆ ಬಟ್ಟೆಯಲ್ಲಿ ಕಟ್ಟಿ ನೀರು ಸೋರಿಸಿದ ಗಟ್ಟಿ ಮೊಸರು ಹಾಕಿ. ಸಬ್ಬಸಿಗೆ ಬಿಡಬೇಡಿ. ನನಗೆ ಈ ದೇಶದ ಅಡುಗೆ ಮೊದಲು ಹತ್ತಿರವಾಗಿದ್ದು ಆ ವಾಸನೆಯಿಂದ.

ಈಗ ಲೆಕ್ಕ. 100 ಗ್ರಾಂ ಹಸಿ ಅಕ್ಕಿಯಲ್ಲಿ ಸುಮಾರು 80 ಗ್ರಾಂ ಪಿಷ್ಟ. ಅದು 12 ರೋಲ್‌ಗೆ ಹಂಚಿದರೆ ಒಂದಕ್ಕೆ 7 ಗ್ರಾಂ ಒಳಗೆ. 200 ಗ್ರಾಂ ಹೂಕೋಸಿನಲ್ಲಿ ನಾರು ಕಳೆದು ಉಳಿಯುವುದು ಹೆಚ್ಚೆಂದರೆ 6 ಗ್ರಾಂ, ಅದೂ ಇಡೀ ಪಾತ್ರೆಗೆ. ಕ್ಯಾಬೇಜ್, ಈರುಳ್ಳಿ, ಟೊಮೆಟೊ ಎಲ್ಲ ಸೇರಿಸಿದರೂ ನನ್ನ ಅಂದಾಜಿನಲ್ಲಿ ಒಂದು ರೋಲ್‌ಗೆ 4 ಗ್ರಾಂ ಆಸುಪಾಸು. ಆದರೆ ಗಮನಿಸಿ, ಮೂಲ ರೀತಿಯಲ್ಲಿ ಸಾಸ್‌ಗೆ ಮೈದಾ ಮತ್ತು ಸಕ್ಕರೆ ಬೀಳುತ್ತದೆ, ಪಕ್ಕದಲ್ಲಿ ಬೇಯಿಸಿದ ಆಲೂಗಡ್ಡೆ ಇರುತ್ತದೆ. 250 ಗ್ರಾಂ ಆಲೂಗಡ್ಡೆಯಲ್ಲೇ 40 ಗ್ರಾಂಗಿಂತ ಜಾಸ್ತಿ ಪಿಷ್ಟ. ಮೂರು ರೋಲ್‌ನ ಅಕ್ಕಿಗಿಂತ ಅದು ಎರಡು ಪಟ್ಟು. ಹೂರಣದ ಅಕ್ಕಿ ತೆಗೆದು, ರೋಲ್ ಜೊತೆ ಅನ್ನವನ್ನೋ ಬ್ರೆಡ್ಡನ್ನೋ ಬಡಿಸಿದರೆ ಇಷ್ಟೆಲ್ಲ ಹಿಂಡಿ ಹುರಿದ ಶ್ರಮ ಸುಮ್ನೆ ಹೋಗುತ್ತದೆ. ನಾವು ಸೌತೆಕಾಯಿ ಮತ್ತು ಮೊಸರಿನ ಜೊತೆ ತಿನ್ನುತ್ತೇವೆ. ಯಜಮಾನರು ಶುಗರ್ ಮಾತ್ರೆಯನ್ನೋ ಇನ್ಸುಲಿನ್ನೋ ತೆಗೆದುಕೊಳ್ಳುತ್ತಿದ್ದರೆ, ದಿಢೀರನೆ ಅನ್ನ ಬಿಡಿಸುವ ಮೊದಲು ಡೋಸ್ ಬಗ್ಗೆ ಡಾಕ್ಟರ್ ಹತ್ತಿರ ಕೇಳಿ. ಕೆಲವು ಮಾತ್ರೆಗಳ ಜೊತೆ ಶುಗರ್ ತೀರಾ ಇಳಿದುಬಿಡಬಹುದು, ಅದು ಅಪಾಯ.

ಅತ್ತೆಗೆ ಮಾಂಸ ಆಗದು ಎಂದಿದ್ದೀರಲ್ವಾ? ಪೋಲೆಂಡಿನಲ್ಲಿ ಕ್ರಿಸ್ಮಸ್ ಹಿಂದಿನ ರಾತ್ರಿ ಮಾಂಸ ತಿನ್ನದ ಪದ್ಧತಿ ಇದೆ. ಆಗ ಅಣಬೆ ಮತ್ತು ಬಕ್‌ವೀಟ್ ಎಂಬ ಧಾನ್ಯ ತುಂಬಿದ ಗೊವೊಂಪ್ಕಿ ಮಾಡುತ್ತಾರೆ. ಬಕ್‌ವೀಟ್‌ನಲ್ಲೂ ಪಿಷ್ಟ ಜಾಸ್ತಿ, ಹಾಗಾಗಿ ನಾನು ಅದರ ಬದಲು ಪುಡಿ ಮಾಡಿದ ಪನೀರ್, ಚೆನ್ನಾಗಿ ಹುರಿದ ಅಣಬೆ ಮತ್ತು ಜಜ್ಜಿದ ಅಕ್ರೋಟು ಹಾಕುತ್ತೇನೆ. ಮೊಟ್ಟೆ ಬದಲು ಒಂದು ಚಮಚ ಇಸಬ್‌ಗೋಲು ಬೆರೆಸಿ ಹತ್ತು ನಿಮಿಷ ಬಿಟ್ಟರೆ ಹಿಡಿತ ಬರುತ್ತದೆ. ಇದು ಅರ್ಧ ಗಂಟೆಯಲ್ಲಿ ಬೇಯುತ್ತದೆ.

ನಿನ್ನೆಯ ರೋಲ್ ಫ್ರಿಜ್‌ನಲ್ಲಿ ಉಳಿದಿದ್ದರೆ ಎಸೆಯಬೇಡಿ. ರಸದಿಂದ ಎತ್ತಿ ಜರಡಿಯ ಮೇಲೆ ಅರ್ಧ ಗಂಟೆ ಇಡಿ. ಕಾದ ಬಾಣಲೆಗೆ ಬೆಣ್ಣೆ ಹಾಕಿ, ಮಡಿಕೆಯ ಬದಿಯನ್ನು ಮೊದಲು ಇಟ್ಟು, ಕಂದು ಬಣ್ಣ ಬರುವವರೆಗೆ ಅಲುಗಿಸದೆ ಬಿಡಿ. ಉಳಿದ ರಸವನ್ನು ಬೇರೆಯಾಗಿ ಕುದಿಸಿ ಗಟ್ಟಿ ಮಾಡಿಕೊಳ್ಳಿ. ಚೆನ್ನಾಗಿ ಆದ ಗೊವೊಂಪ್ಕಿಯನ್ನೂ ಅಜ್ಜಿ ಮಾರನೆಯ ದಿನ ಹೀಗೇ ಹುರಿದು ಕೊಡುತ್ತಾರೆ. ನನಗೆ ಮೊದಲ ದಿನದ್ದಕ್ಕಿಂತ ಅದೇ ಇಷ್ಟ.