ಹರಿತವಾದ ಓಪನಿಂಗ್‌ನಿಂದ (ಆರಂಭದ ನಡೆಗಳಿಂದ) ಹುಟ್ಟಿದ, ಸಾಮಾನ್ಯ ಆಟಗಾರನೂ ಸವಿಯಬಹುದಾದ ವಿಶ್ವನಾಥನ್ ಆನಂದ್ ಅವರ ಚೆಸ್ ಪಂದ್ಯ ಯಾವುದು?

ಒಂದೇ ಒಂದು ಹೇಳಿ ಅಂದರೆ ನಾನು ಯೋಚಿಸುವುದೇ ಇಲ್ಲ: ಅರ್ಮೇನಿಯಾದ ಲೆವೊನ್ ಅರೋನಿಯನ್ ಎದುರು ಆನಂದ್, 2013. ನೆದರ್ಲೆಂಡ್ಸ್‌ನ ವೈಕ್ ಆನ್ ಝೀಯಲ್ಲಿ ನಡೆಯುವ ಟಾಟಾ ಸ್ಟೀಲ್ ಟೂರ್ನಿಯ ನಾಲ್ಕನೇ ಸುತ್ತು. ಆಗಿನ ವಿಶ್ವ ಚಾಂಪಿಯನ್ ಆನಂದ್ ಕಪ್ಪು ಕಾಯಿ ಹಿಡಿದು 23 ನಡೆಗಳಲ್ಲಿ ಮುಗಿಸಿಬಿಟ್ಟರು.

ಓಪನಿಂಗ್ ಸೆಮಿ-ಸ್ಲಾವ್ ಎಂಬ ಕಪ್ಪಿನ ರಕ್ಷಣೆ, ಅದರಲ್ಲೂ ಮೆರಾನ್ ಎಂಬ ಕವಲು. ಕಪ್ಪಿನವರು ಸಿ4ರ (ಅಕ್ಷರ ನಿಲುಸಾಲು, ಅಂಕಿ ಅಡ್ಡಸಾಲು) ಪದಾತಿ ಹೊಡೆದು, ಬಿ5 ತಳ್ಳಿ ಬಿಳಿಯ ಒಂಟೆಯನ್ನು ಹಿಂದಕ್ಕಟ್ಟಿ, ತಮ್ಮ ಒಂಟೆಯನ್ನು ಬಿ7ರಲ್ಲಿ ಕೂರಿಸುತ್ತಾರೆ. ಅಲ್ಲಿಯವರೆಗೆ ಎಲ್ಲ ಸಾಧು. ಸಿ5 ನುಗ್ಗಿತೋ, ಬೆಂಕಿ ಹತ್ತಿಕೊಂಡಿತು ಅಂತಲೇ ಲೆಕ್ಕ.

ಇಲ್ಲಿ ಅರೋನಿಯನ್ ಕುದುರೆಯನ್ನು ಜಿ5ಕ್ಕೆ ತಂದು ಎಚ್7ರ ಮೇಲೆ ಕಣ್ಣಿಟ್ಟರು. ಆನಂದ್ ಅದನ್ನು ಕಾಯದೆ ಸಿ5 ಆಡಿದರು. ಕುದುರೆ ಎಚ್7 ಹೊಡೆದು ಆನೆಯ ಮೇಲೆ ಗುರಿಯಿಟ್ಟಾಗಲೂ ಆನೆಯ ಗೊಡವೆಗೆ ಹೋಗದೆ ತಮ್ಮ ಕುದುರೆಯನ್ನು ಜಿ4ಕ್ಕೆ ಹಾರಿಸಿದರು. ಆಮೇಲೆ ಒಂಟೆ ಸಿ5ಕ್ಕೆ, ಇನ್ನೊಂದು ಕುದುರೆ ಇ5ಕ್ಕೆ. 16ನೇ ನಡೆಯಾದಾಗ ಬೋರ್ಡ್ ನೋಡಿ: ಕಪ್ಪಿನ ಆನೆ, ಒಂಟೆ, ಎರಡು ಕುದುರೆ, ನಾಲ್ಕೂ ಹೊಡೆತಕ್ಕೆ ಸಿಕ್ಕಿವೆ! ಇ5ರ ಕುದುರೆಯನ್ನು ಪದಾತಿಯಿಂದ ಹೊಡೆದರೆ ಕಪ್ಪು ರಾಣಿ ಡಿ4ರಲ್ಲಿ ಚೆಕ್ ಕೊಡುತ್ತಾಳೆ. ರಾಜ ಎಚ್1ಕ್ಕೆ ಸರಿದರೆ ರಾಣಿ ಜಿ1ಕ್ಕೇ ಹೋಗಿ ಬಲಿ, ಆನೆ ಹೊಡೆಯಲೇಬೇಕು, ಕುದುರೆ ಎಫ್2ಕ್ಕೆ ಬಂದರೆ ಮೇಟ್.

ಇದರಲ್ಲಿ 2012ರಲ್ಲಿ ಬೋರಿಸ್ ಗೆಲ್ಫಾಂಡ್ ಎದುರಿನ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಕ್ಕೆಂದು ಮಾಡಿಟ್ಟ ತಯಾರಿಯ ಪಾಲೂ ಇತ್ತು. ಹಾಗಂತ ಮೂಗು ಮುರಿಯುವವರಿದ್ದಾರೆ, ನನಗೆ ಆ ತಕರಾರು ಹಿಡಿಸುವುದಿಲ್ಲ. ಇಂಥ ಓಪನಿಂಗ್‌ನಲ್ಲಿ ತಯಾರಿ ಇಲ್ಲದೆ ಕೂರುವುದೇ ತಪ್ಪು.

ಎಲ್ಲರೂ ಕುಣಿದಾಡುವುದು ಆ ಇ5 ಕುದುರೆಗೆ. ನನಗೆ ಇಷ್ಟ ಕೊನೆಯ ನಡೆ. ಎಚ್5ರಲ್ಲಿ ನಿಂತ ಕಪ್ಪು ರಾಣಿಯ ಗುರಿ ಎಚ್3ರ ಪದಾತಿ. ಅದನ್ನು ಜಿ2ರ ಪದಾತಿ ಕಾಯುವಂತಿಲ್ಲ, ಬಿ7ರ ಒಂಟೆ ಅದನ್ನು ರಾಜನಿಗೆ ಕಟ್ಟಿಹಾಕಿದೆ (ಪದಾತಿ ಸರಿದರೆ ರಾಜನಿಗೆ ಚೆಕ್). ಉಳಿದಿದ್ದು ಡಿ3ರಿಂದ ಅಡ್ಡಸಾಲಿನಲ್ಲಿ ಕಾಯುತ್ತಿದ್ದ ಬಿಳಿ ರಾಣಿ. ಆನಂದ್ ಒಂಟೆಯನ್ನು ಇ3ರಲ್ಲಿ, ಸರಿಯಾಗಿ ಆ ದಾರಿಗೆ ಅಡ್ಡ ಇಟ್ಟರು. ಅರೋನಿಯನ್ ಅಲ್ಲಿಗೇ ಸೋಲೊಪ್ಪಿದರು.

ನೋಡುವಾಗ ಎಂಜಿನ್ (ನಡೆ ಲೆಕ್ಕಹಾಕುವ ಚೆಸ್ ಪ್ರೋಗ್ರಾಂ) ಆಫ್ ಇಡಿ, ಬಿಳಿಯ 23ನೇ ನಡೆಯಾದ ಮೇಲೆ ನಿಲ್ಲಿಸಿ ನೀವೇ ಹುಡುಕಿ. ರುಚಿ ಹತ್ತಿದರೆ 1907ರ ರೋಟ್ಲೇವಿ–ರೂಬಿನ್‌ಸ್ಟೈನ್ ಪಂದ್ಯವನ್ನೂ ತೆಗೆಯಿರಿ, ಅಲ್ಲೂ ಇದೇ ಜೋಡಿ ಒಂಟೆಗಳ ಕಾರುಬಾರು.