ಯುದ್ಧವನ್ನೇ ಕಾಣದ ಟಾರ್ಪಿಡೊ ಬೋಟ್

ಪ್ರಶ್ನೆ: ಬ್ರಿಟಿಷ್ ನೌಕಾಪಡೆಯ ‘ಲೈಟ್ನಿಂಗ್’ ಯುದ್ಧದಲ್ಲಿ ಟಾರ್ಪಿಡೊ ಬಿಟ್ಟ ಮೊದಲ ಬೋಟ್ ಅಂತ ಒಂದು ಕ್ವಿಜ್ ಪುಸ್ತಕದಲ್ಲಿ ಓದಿದೆ. ಅದು ಯಾವ ಯುದ್ಧ? ಎಷ್ಟು ಹಡಗು ಮುಳುಗಿಸಿತು? ಹುಡುಕಿದರೂ ಸಿಗುತ್ತಿಲ್ಲ.
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಿಗುವುದಿಲ್ಲ, ಯಾಕೆಂದರೆ ಲೈಟ್ನಿಂಗ್ ಯುದ್ಧಕ್ಕೇ ಹೋಗಲಿಲ್ಲ. ಸುಮಾರು 20 ವರ್ಷ ಅದು ಮಾಡಿದ್ದು ಕಲಿಸುವ ಕೆಲಸ ಮತ್ತು ಪ್ರಯೋಗದ ಕೆಲಸ. ಆ ಕೆಲಸಕ್ಕೇ ನಾನು ಅದನ್ನು ತುಂಬ ಮೆಚ್ಚುತ್ತೇನೆ.

ಲಂಡನ್‌ನ ಚಿಸಿಕ್‌ನಲ್ಲಿ, ಥೇಮ್ಸ್ ನದಿಯ ದಡದಲ್ಲಿ ಜಾನ್ ಥಾರ್ನಿಕ್ರಾಫ್ಟ್ ಅವರ ಯಾರ್ಡ್ ಇತ್ತು. ಹಗುರವಾದ, ವೇಗದ ಸ್ಟೀಮ್ ಲಾಂಚ್ (ಹಬೆ ಎಂಜಿನ್ನಿನ ಚಿಕ್ಕ ಬೋಟ್) ಕಟ್ಟುವುದರಲ್ಲಿ ಅವರದು ಪಳಗಿದ ಕೈ. 1876ರಲ್ಲಿ ಲೈಟ್ನಿಂಗ್ ಅಲ್ಲಿ ತಯಾರಾಯಿತು. ಉದ್ದ ಸುಮಾರು 26 ಮೀಟರ್, ಅಂದರೆ ಎರಡು ಬಸ್ಸು ಹಿಂದೆ ಮುಂದೆ ನಿಲ್ಲಿಸಿದಷ್ಟು. ಅಗಲ 3.3 ಮೀಟರ್ ಇದ್ದೀತು, ತೂಕ 32 ಟನ್ ಆಸುಪಾಸು. ಅದೇ ವರ್ಷ ಪೋರ್ಟ್ಸ್‌ಮತ್‌ನಲ್ಲಿ ನೀರಿಗಿಳಿದ ಯುದ್ಧನೌಕೆ ‘ಇನ್‌ಫ್ಲೆಕ್ಸಿಬಲ್’ 11 ಸಾವಿರ ಟನ್‌ಗಿಂತ ಜಾಸ್ತಿ. ಆ ದೈತ್ಯನ ವೇಗ 15 ನಾಟ್‌ನೊಳಗೆ. ಈ ಪುಟ್ಟ ಬೋಟ್ 18 ನಾಟ್ ದಾಟುತ್ತಿತ್ತು, ಅಂದರೆ ಗಂಟೆಗೆ 33 ಕಿ.ಮೀ.ಗೂ ಹೆಚ್ಚು.

ಅದರ ಆಯುಧ ವೈಟ್‌ಹೆಡ್ ಟಾರ್ಪಿಡೊ. ಇಂಗ್ಲಿಷ್ ಎಂಜಿನಿಯರ್ ರಾಬರ್ಟ್ ವೈಟ್‌ಹೆಡ್ 1866ರಲ್ಲಿ ಫ್ಯೂಮೆ ಎಂಬ ಊರಿನಲ್ಲಿ, ಈಗಿನ ಕ್ರೊಯೇಷಿಯಾದ ರಿಯೆಕಾದಲ್ಲಿ, ಇದನ್ನು ತಯಾರಿಸಿದರು. ಮೀನಿನ ಆಕಾರದ ಉಕ್ಕಿನ ಕೊಳವೆ. ಹೊಟ್ಟೆಯೊಳಗೆ ಒತ್ತಿ ತುಂಬಿದ ಗಾಳಿ, ಮೂತಿಯಲ್ಲಿ ಸಿಡಿಮದ್ದು. ಆ ಗಾಳಿಯ ಬಲದಿಂದಲೇ ನೀರಿನಡಿ ತಾನಾಗಿ ಓಡುತ್ತದೆ. ಆಗಿನ ಟಾರ್ಪಿಡೊಗಳು ಓಡುತ್ತಿದ್ದದ್ದು ಕೆಲವು ನೂರು ಮೀಟರ್ ಅಷ್ಟೇ. ಹಾಗಾಗಿ ಶತ್ರುವಿನ ಹತ್ತಿರಕ್ಕೇ ಹೋಗಬೇಕಿತ್ತು.

ಮೊದಲ ತೊಡಕು ಬಂದದ್ದು ಇಲ್ಲೇ. ಶುರುವಿನಲ್ಲಿ ಟಾರ್ಪಿಡೊವನ್ನು ಕೊರಳಪಟ್ಟಿಯಂಥ ಚೌಕಟ್ಟಿನಲ್ಲಿ ಹಿಡಿದು ಬೋಟಿನ ಪಕ್ಕಕ್ಕೆ ನೇತು ಹಾಕುತ್ತಿದ್ದರು. ಬಿಡುವಾಗ ಚೌಕಟ್ಟಿನ ಸಮೇತ ನೀರಿಗೆ ಇಳಿಸಬೇಕು, ಆಮೇಲೆ ಹಿಡಿತ ಸಡಿಲಿಸಬೇಕು. ಬೋಟ್ ಜೋರಾಗಿ ಓಡುವಾಗ ಇದು ಆಗದ ಮಾತು. ವೇಗ ತಗ್ಗಿಸಲೇಬೇಕು. ಇದ್ದ ಒಂದೇ ರಕ್ಷಣೆ ವೇಗ. ಶತ್ರುವಿನ ತೋಪಿನ ಎದುರಿಗೇ ಅದನ್ನು ಬಿಟ್ಟುಕೊಟ್ಟರೆ ಒಳಗಿದ್ದವರ ಗತಿ ಏನು, ಅಲ್ವಾ? 1879ರಲ್ಲಿ ಚೌಕಟ್ಟು ತೆಗೆದು ಬೋಟಿನ ಮುಂಭಾಗದಲ್ಲಿ ಟಾರ್ಪಿಡೊ ಬಿಡುವ ಒಂದು ಕೊಳವೆ ಕೂರಿಸಿದರು. ಬೋಟಿನ ಮೂತಿ ಯಾವ ಕಡೆಗೋ ಗುರಿಯೂ ಅದೇ ಕಡೆಗೆ. ಇನ್ನೆರಡು ಟಾರ್ಪಿಡೊಗಳನ್ನು ನಡುಭಾಗದಲ್ಲಿ ಸಿದ್ಧ ಇಟ್ಟಿರುತ್ತಿದ್ದರು.

ಹೆಸರೂ ಬದಲಾಯಿತು: ‘ಟಾರ್ಪಿಡೊ ಬೋಟ್ ನಂ. 1’. ಇದೇ ಮಾದರಿಯಲ್ಲಿ ನೌಕಾಪಡೆ ಇನ್ನೂ 11 ಬೋಟ್ ಕಟ್ಟಿಸಿತು. ನಂ. 1 ಮಾತ್ರ ಪೋರ್ಟ್ಸ್‌ಮತ್‌ನ ‘ವರ್ನನ್’ ಟಾರ್ಪಿಡೊ ಶಾಲೆಯಲ್ಲೇ ಉಳಿಯಿತು. ಹಳೆಯ ಮರದ ಹಡಗುಗಳನ್ನು ಲಂಗರು ಹಾಕಿ ನಿಲ್ಲಿಸಿ, ಅವುಗಳ ಮೇಲೆ ನಡೆಸುತ್ತಿದ್ದ ಶಾಲೆ ಅದು. 1896ರಲ್ಲಿ ಬೋಟನ್ನು ಒಡೆದು ಹಾಕಿದರು.

ಇನ್ನು ನಿಮ್ಮ ಪುಸ್ತಕದ ತಪ್ಪು. ಯುದ್ಧದಲ್ಲಿ ಮೊದಲು ವೈಟ್‌ಹೆಡ್ ಟಾರ್ಪಿಡೊ ಬಿಟ್ಟದ್ದು ಬ್ರಿಟನ್ನಿನದೇ ದೊಡ್ಡ ಹಡಗು ‘ಶಾ’. 1877ರ ಮೇ 29ರಂದು ಪೆರು ದೇಶದ ಕರಾವಳಿಯಲ್ಲಿ ‘ಉವಾಸ್ಕರ್’ ಎಂಬ ಯುದ್ಧನೌಕೆಯ ಮೇಲೆ ಬಿಟ್ಟಿತು, ತಾಗಲಿಲ್ಲ. ಬೋಟ್‌ಗಳು ಇಂಥ ಟಾರ್ಪಿಡೊ ಬಿಟ್ಟು ಮೊದಲ ಬಾರಿಗೆ ಹಡಗು ಮುಳುಗಿಸಿದ್ದು 1878ರ ಜನವರಿಯಲ್ಲಿ, ಕಪ್ಪು ಸಮುದ್ರದ ಬಾತುಮಿ ಬಂದರಿನಲ್ಲಿ. ರಷ್ಯಾದ ಬೋಟ್‌ಗಳು ತುರ್ಕಿಯ ‘ಇಂತಿಬಾಹ್’ ಹಡಗನ್ನು ಹೊಡೆದವು.

ಲೈಟ್ನಿಂಗ್ ಈಗ ನೋಡಲು ಸಿಗುವುದಿಲ್ಲ. ಆದರೆ ಥಾರ್ನಿಕ್ರಾಫ್ಟ್ ಅವರೇ 1873ರಲ್ಲಿ ನಾರ್ವೆಗೆ ಕಟ್ಟಿಕೊಟ್ಟ ‘ರಾಪ್’ ಎಂಬ ಬೋಟ್ ಹಾರ್ಟೆನ್ ಊರಿನ ನೌಕಾ ಮ್ಯೂಸಿಯಂನಲ್ಲಿದೆ. ಆ ಕಡೆ ಹೋಗುವ ಅವಕಾಶ ಸಿಕ್ಕರೆ ಖಂಡಿತ ನೋಡಿ.